ಶಿಕ್ಷಕಿಯರನ್ನು ರೂಪಿಸಿದ ಸಿಸ್ಟರ್ ಸುಬ್ಬಲಕ್ಷ್ಮಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ವಿದ್ಯಾ ಇಲಾಖೆಯನ್ನು ಒಂದು ಸಮಸ್ಯೆ ಬಹಳವಾಗಿ ಕಾಡುತ್ತಿತ್ತು. ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯಬಹುದಾಗಿತ್ತು. ಆದರೆ ಅಲ್ಲಿ ಪಾಠ ಹೇಳುವವರು ಯಾರು? ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳೂ ಆಗ ಈ ಪ್ರಾಂತ್ಯಕ್ಕೇ ಸೇರಿದ್ದವು. ಪುರುಷ ಉಪಾಧ್ಯಾಯರಿದ್ದ ಶಾಲೆಗೆ ಬೆಳೆದ ಮಗಳನ್ನು ಕಳುಹಿಸಲು ಮೇಲ್ವರ್ಗದ ಮನೆಗಳು ಒಪ್ಪುತ್ತಿರಲಿಲ್ಲ. ಬಾಲ್ಯವಿವಾಹದಿಂದಾಗಿ ಹುಡುಗಿಯರು ಹನ್ನೆರಡು ತುಂಬುವುದರೊಳಗೇ ಶಾಲೆ ಬಿಡುತ್ತಿದ್ದುದರಿಂದ, ಅವರಲ್ಲಿ ಶಿಕ್ಷಕಿಯಾಗುವಷ್ಟು ಓದಿದವರು ಅತಿ ವಿರಳ. ಹೀಗಾಗಿ ಮಿಷನರಿ ಮಹಿಳೆಯರನ್ನೂ ಕ್ರೈಸ್ತ ಶಿಕ್ಷಕಿಯರನ್ನೂ ಬಹುಮಟ್ಟಿಗೆ ಅವಲಂಬಿಸಬೇಕಾಗಿತ್ತು.

ಈ ಬಿಕ್ಕಟ್ಟಿಗೆ ಉತ್ತರ ಕಂಡುಕೊಂಡವರು ಆರ್. ಎಸ್. ಸುಬ್ಬಲಕ್ಷ್ಮಿ. 1886ರ ಆಗಸ್ಟ್ 18ರಂದು ಮದ್ರಾಸಿನ ಮೈಲಾಪುರದಲ್ಲಿ ಜನಿಸಿದ ಅವರಿಗೆ ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ ವಿವಾಹವಾಯಿತು. ಸ್ವಲ್ಪ ಕಾಲದಲ್ಲೇ ವೈಧವ್ಯ ಬಂದೊದಗಿತು. ಮುಂದಿನ ಬಾಳು ಅಡುಗೆಮನೆಯ ಮೂಲೆಯಲ್ಲಿ ಸವೆಯಬೇಕೆಂಬುದು ಅಂದಿನ ಕಟ್ಟಳೆ. ಆದರೆ ತಂದೆ ಸುಬ್ರಮಣ್ಯ ಅಯ್ಯರ್ ಮತ್ತು ತಾಯಿ ವಿಶಾಲಾಕ್ಷಿ ಬಂಧುಬಳಗದ ನಿಂದೆಗೆ ಅಂಜದೆ ಮಗಳನ್ನು ಓದಿಸಿದರು. ಎಗ್ಮೋರಿನ ಪ್ರೆಸೆಂಟೇಷನ್ ಕಾನ್ವೆಂಟಿನಲ್ಲಿ ಕಲಿತ ಸುಬ್ಬಲಕ್ಷ್ಮಿ 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವೀಧರೆಯಾದರು. ಕ್ರೈಸ್ತ ಸನ್ಯಾಸಿನಿಯಲ್ಲದಿದ್ದರೂ ಜನರ ಬಾಯಲ್ಲಿ ಅವರು ಕೊನೆಯವರೆಗೂ ಸಿಸ್ಟರ್ ಸುಬ್ಬಲಕ್ಷ್ಮಿಯೇ ಆಗಿ ಉಳಿದರು.

ಸಂಸಾರದ ಹೊಣೆಯಿಲ್ಲದ, ಮನೆಯವರಿಗೆ ಭಾರವೆನಿಸಿದ ಬಾಲವಿಧವೆಯರಿಗೆ ವಿದ್ಯೆ ಕೊಟ್ಟರೆ ಅವರಿಗೆ ಬದುಕು, ಶಾಲೆಗಳಿಗೆ ಶಿಕ್ಷಕಿಯರು ಎರಡೂ ದೊರೆಯುವುದೆಂದು ಅವರು ಮನಗಂಡರು. 1912ರಲ್ಲಿ ಕೆಲವೇ ಹುಡುಗಿಯರೊಂದಿಗೆ ಆಶ್ರಮವೊಂದು ಆರಂಭವಾಯಿತು. ಬಾಲಿಕಾ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಕ್ರಿಸ್ಟಿನಾ ಲಿಂಚ್ ಬೆಂಬಲಕ್ಕೆ ನಿಂತರು. ಇಲಾಖೆಗೆ ಶಿಕ್ಷಕಿಯರು ಬೇಕಾಗಿದ್ದರು, ಸುಬ್ಬಲಕ್ಷ್ಮಿಯವರಿಗೆ ಸರ್ಕಾರದ ನೆರವು ಬೇಕಾಗಿತ್ತು.

ಮರೀನಾ ಕಡಲತೀರದ ಐಸ್ ಹೌಸ್ ಈ ವಿದ್ಯಾರ್ಥಿನಿಯರ ನಿಲಯವಾಯಿತು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಇಡಲೆಂದು ಕಟ್ಟಿದ್ದ ಆ ಕಟ್ಟಡದಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. 1917ರಲ್ಲಿ ಅದು ಸರ್ಕಾರದ ವಶಕ್ಕೆ ಬಂದಿತು. ಇಂದು ಚೆನ್ನೈನ ಕನ್ನಡಿಗರೆಲ್ಲ ವಿವೇಕಾನಂದರ್ ಇಲ್ಲಂ ಎಂದು ಬಲ್ಲ ಕಟ್ಟಡ ಅದೇ. 1922ರಲ್ಲಿ ಲೇಡಿ ವಿಲಿಂಗ್ಡನ್ ತರಬೇತಿ ಕಾಲೇಜು ಆರಂಭವಾದಾಗ ಸುಬ್ಬಲಕ್ಷ್ಮಿಯವರೇ ಅದರ ಪ್ರಾಂಶುಪಾಲರಾದರು. ಅಭ್ಯಾಸಕ್ಕೆಂದು ಪಕ್ಕದಲ್ಲೇ ಒಂದು ಶಾಲೆಯೂ ಇದ್ದು, ಕಲಿತ ಬೋಧನಾ ಕ್ರಮವನ್ನು ಮಕ್ಕಳ ಮುಂದೆಯೇ ಪರೀಕ್ಷಿಸಬಹುದಾಗಿತ್ತು. ಪ್ರಾಯ ಮೀರಿದ ವಿಧವೆಯರಿಗಾಗಿ ಶಾರದಾ ವಿದ್ಯಾಲಯ ರೂಪುಗೊಂಡಿತು. ಮುಂದೆ ಅದನ್ನು ರಾಮಕೃಷ್ಣ ಮಿಷನ್ ವಹಿಸಿಕೊಂಡಿತು.

ಅವರ ಕಾರ್ಯಕ್ಕೆ ಮಿತಿಯೂ ಇತ್ತೆಂಬುದನ್ನು ಮರೆಯಲಾಗದು. ಮೊದಲ ಆಶ್ರಮ ಬ್ರಾಹ್ಮಣ ವಿಧವೆಯರಿಗೆ ಮಾತ್ರ ಮೀಸಲಾಗಿತ್ತು. ಮಡಿ-ಆಚಾರಗಳನ್ನು ಅಲ್ಲಿ ಪಾಲಿಸಲಾಗುತ್ತಿತ್ತು. ಆ ರಿಯಾಯಿತಿ ಇಲ್ಲದಿದ್ದರೆ ಸಂಪ್ರದಾಯಸ್ಥರು ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸುತ್ತಿದ್ದರೇ ಎಂಬುದು ಸಂದೇಹ. ಆದರೆ ಅದರಿಂದಾಗಿ ಇತರ ಜಾತಿಗಳ ವಿಧವೆಯರು ಹೊರಗೇ ಉಳಿದರೆಂಬುದೂ ಅಷ್ಟೇ ನಿಜ. ಬಾಲ್ಯವಿವಾಹದ ವಿಷಯದಲ್ಲಿ ಮಾತ್ರ ಅವರು ಸಂಪ್ರದಾಯಕ್ಕೆ ಮಣಿಯಲಿಲ್ಲ. ಅದನ್ನು ತಡೆಯುವ ಕಾನೂನಿನ ಪರವಾಗಿ ನಿಂತರು.

1952ರಿಂದ 1956ರವರೆಗೆ ಅವರು ಮದ್ರಾಸ್ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನರಸಿ ಬಂದಿತು. 1969ರ ಡಿಸೆಂಬರ್ 20ರಂದು, ವೈಕುಂಠ ಏಕಾದಶಿಯ ದಿನ, ಅವರು ಇಹಲೋಕ ತ್ಯಜಿಸಿದರು.

ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಸಮಾಜ ದೂರವಿಟ್ಟವರ ಕೈಯಲ್ಲೇ ಅದೇ ಸಮಾಜದ ಹೆಣ್ಣುಮಕ್ಕಳು ಅಕ್ಷರ ತಿದ್ದಿದರು. ನಮ್ಮ ಮನೆಗಳ ಹೆಣ್ಣುಮಕ್ಕಳು ಇಂದು ಕಾಲೇಜು, ಕಚೇರಿಗಳಿಗೆ ಸಹಜವಾಗಿ ಹೊರಡುವಾಗ, ಆ ದಾರಿಯನ್ನು ಸವೆಸಿದ ಬಿಳಿಸೀರೆಯ ಶಿಕ್ಷಕಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ.