ವ್ಯಾಯಾಮ ಗುರು ಕೆ. ವಿ. ಅಯ್ಯರ್

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ ಬಂತಂದ್ರ ಸಂಗ್ರಾಣಿ ಕಲ್ಲು ಎತ್ತೋದನ್ನ ನೋಡಾಕ ಊರೇ ಕೂಡತೈತಿ. ಕಲ್ಲು ಹೆಗಲ ಮ್ಯಾಲೆ ಹೋದ ಕೂಡಲೇ ಶಿಳ್ಳೆ ಹೊಡೀತೀವಿ. ಆದರೆ ಆ ಕಲ್ಲನ್ನು ಎತ್ತುವ ಶಕ್ತಿ ಮೈಯೊಳಗೆ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡು, ಅದನ್ನೇ ಜನರಿಗೆ ಪಾಠ ಮಾಡಿದವರು ನಮ್ಮ ನಾಡಿನಲ್ಲಿ ಒಬ್ಬರಿದ್ದರು. ಅವರೇ ಕೆ. ವಿ. ಅಯ್ಯರ್.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಆ ಕಾಲಕ್ಕೆ ಯುರೋಪಿನ ಯೂಜೀನ್ ಸ್ಯಾಂಡೋ ಎಂಬ ಪೈಲವಾನನ ಹೆಸರು ಎಲ್ಲ ಕಡೆ ಹಬ್ಬಿತ್ತು. (ಅಂಗಡ್ಯಾಗ ಸ್ಯಾಂಡೋ ಬನಿಯನ್ ಕೊಡ್ರಿ ಅಂತೀವಲ್ಲ, ಅದು ಅವನ ಹೆಸರೇ.) ಅಯ್ಯರ್ ಅವರೂ ಅಂಥ ಮೈಕಟ್ಟು ಬೆಳೆಸಿಕೊಂಡರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ತೆರೆದರು. ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. 1930ರಲ್ಲಿ ಮಸಲ್ ಕಲ್ಟ್, 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವೂ ಅವರಿಗೆ ಸಿಕ್ಕಿತು.

ಅಯ್ಯರ್ ಅವರಿಗೆ ಬರೀ ಭಾರ ಎತ್ತುವುದು ಮುಖ್ಯವಾಗಿರಲಿಲ್ಲ. ಯಾವ ಸ್ನಾಯು ಯಾವ ಕೆಲಸ ಮಾಡತೈತಿ ಅಂತ ತಿಳಿದು ಸಾಮು ಮಾಡಬೇಕಾಗಿತ್ತು. ನೀವೂ ಈಗ ಮೊಣಕೈ ಮಡಚಿ ತೋಳು ಹಿಡಿದು ನೋಡ್ರಿ. ಮುಂದಿನ ಸ್ನಾಯು ಗಿಡ್ಡಾಗಿ ಉಬ್ಬತೈತಿ. ಕೈ ಚಾಚಿದರೆ ಹಿಂದಿನದು ಬಿಗಿಯಾಗತೈತಿ. ಸ್ನಾಯು ಹಗ್ಗದ ಹಾಗೆ, ಎಳೆಯಬಲ್ಲದು, ನೂಕಲಾರದು. ಅದಕ್ಕೇ ಜೋಡಿ ಬೇಕು. ನಾವು ಬಂಡಿ ನೂಕುವಾಗಲೂ ಒಳಗೆ ಸ್ನಾಯುಗಳು ಎಲುಬನ್ನು ಎಳೆಯುತ್ತಲೇ ಇರುತ್ತವೆ.

ಪುಂಡಿನಾರಿನ ಹಗ್ಗ ಬಿಚ್ಚಿದರೆ ಎಳೆ, ಎಳೆಯೊಳಗೆ ಮತ್ತೆ ನಾರು ಕಾಣುತ್ತದಲ್ಲ, ಸ್ನಾಯುವೂ ಹಾಗೇ. ಎಳೆಗಳ ಕಟ್ಟು, ಪ್ರತಿ ಎಳೆಯೊಳಗೆ ಇನ್ನೂ ಸಣ್ಣ ತಂತುಗಳು. ತುದಿಯಲ್ಲಿ ಗಟ್ಟಿಯಾದ ಸ್ನಾಯುರಜ್ಜು ಅದನ್ನು ಎಲುಬಿಗೆ ಬಿಗಿಯುತ್ತದೆ. ಮಿದುಳಿನ ಅಪ್ಪಣೆ ನರದ ಮೂಲಕ ಬಂದಾಗ ಸ್ನಾಯು ಗಿಡ್ಡಾಗುತ್ತದೆ. ಹೇಗೆ ಗಿಡ್ಡಾಗುತ್ತದೆ ಎಂಬುದು ಅಯ್ಯರ್ ಪುಸ್ತಕ ಬರೆದಾಗ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. 1954ರಲ್ಲಿ ಹಕ್ಸ್‌ಲಿ ಎಂಬ ಒಂದೇ ಅಡ್ಡಹೆಸರಿನ ಇಬ್ಬರು (ಬಳಗದವರಲ್ಲ!) ತಮ್ಮ ತಮ್ಮ ಜೊತೆಗಾರರ ಸಂಗಡ ಅದನ್ನು ಬಿಡಿಸಿ ಹೇಳಿದರು. ಎರಡೂ ಕೈಬೆರಳು ಒಂದರ ಸಂದಿಯಲ್ಲಿ ಒಂದು ಸರಿಸಿದ ಹಾಗೆ ಆಕ್ಟಿನ್, ಮಯೋಸಿನ್ ಎಂಬ ತಂತುಗಳು ಒಂದರ ಪಕ್ಕ ಒಂದು ಜಾರುತ್ತವೆ. ತಂತು ಕುಗ್ಗುವುದಿಲ್ಲ, ಸ್ನಾಯು ಮಾತ್ರ ಗಿಡ್ಡಾಗುತ್ತದೆ.

ಮನುಷ್ಯನ ಮೈಯಲ್ಲಿ ಇಂಥ ಸ್ನಾಯುಗಳು 600ಕ್ಕೂ ಹೆಚ್ಚು. ಪೈಲವಾನನಿಗೆ ಇದ್ದಷ್ಟೇ ನಮ್ಮ ಕ್ಲಾಸಿನ ಬಡಕಲು ಹುಡುಗನಿಗೂ ಅದಾವ! ಸಾಮು ಮಾಡಿದರೆ ಹೊಸ ಸ್ನಾಯು ಹುಟ್ಟುವುದಿಲ್ಲ, ಇದ್ದ ಎಳೆಗಳೇ ದಪ್ಪಾಗುತ್ತವೆ. ಅದಕ್ಕೆ ಊಟ, ನಿದ್ದೆ ಎರಡೂ ಬೇಕು. ಅಯ್ಯರ್ ಅವರು ಗಟ್ಟಿಮುಟ್ಟಾದವರಿಗಷ್ಟೇ ಅಲ್ಲ, ಕಾಯಿಲೆಯವರಿಗೂ ವ್ಯಾಯಾಮ ಹೇಳಿಕೊಟ್ಟರು. ನನಗೆ ಬಾಳ ಸೇರಿದ್ದು ಇದೇ.

ಗರಡಿಗೆ ಹೋಗೋರಿಗೆ ಓದು ಹತ್ತೂದಿಲ್ಲ ಅಂತ ಕೆಲವರು ಆಡಿಕೊಳ್ಳತಾರ. ಅಂಥವರಿಗೆ ಅಯ್ಯರ್ ಅವರ ಕನ್ನಡ ಕಾದಂಬರಿ ತೋರಿಸಬೇಕು. ಹೊಯ್ಸಳ ವಿಷ್ಣುವರ್ಧನನ ರಾಣಿಯ ಮೇಲೆ ಶಾಂತಲಾ ಬರೆದರು, ಇಟಲಿಯ ಚಿತ್ರಕಾರನ ಮೇಲೆ ರೂಪದರ್ಶಿ ಬರೆದರು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತ ಗೆಳೆಯರು. 1980ರಲ್ಲಿ ಅಯ್ಯರ್ ತೀರಿಕೊಂಡರು.