ಕೇರೀ ಸಾಹೇಬರ ಮೊದಲಿನ ಗಳಿಗೆ

ಪ್ರಾರ್ಥನೆಗೆ ಹೊತ್ತಿಲ್ಲವೆಂದು ನಾವು ಅನೇಕಾವರ್ತಿ ಹೇಳುವದುಂಟು. ಇಂಗ್ಲೆಂಡಿನಲ್ಲಿ ಮೊದಲು ಜೋಡು ಹೊಲಿಯುತ್ತಿದ್ದ ವಿಲಿಯಂ ಕೇರೀ ಸಾಹೇಬರು (1761–1834) 1793ರಲ್ಲಿ ಬಂಗಾಳಕ್ಕೆ ಬಂದರು. ಕಲ್ಕತ್ತೆಯ ಕಾಲೇಜಿನಲ್ಲಿ ಬೋಧನೆ, ಶ್ರೀರಾಮಪುರದಲ್ಲಿ ಸತ್ಯವೇದದ ಭಾಷಾಂತರ, ಅಚ್ಚಿನ ಕರಡು ತಿದ್ದುವದು, ಇಷ್ಟೆಲ್ಲಾ ಕೆಲಸಗಳು ಅವರಿಗಿದ್ದವು. ಆದರೂ 1806ರಲ್ಲಿ ಅವರು ಬರೆದು ತಿಳಿಸಿದ ಒಂದು ದಿನದ ಲೆಕ್ಕದಲ್ಲಿ, ಆರು ಗಂಟೆಗೆ ಮುಂಚೆ ಎದ್ದು, ಇಬ್ರಿಯ ವೇದದ ಒಂದು ಅಧ್ಯಾಯವನ್ನೋದಿ, ಏಳರ ವರೆಗೆ ಏಕಾಂತದಲ್ಲಿ ಪ್ರಾರ್ಥಿಸಿದ್ದೇ ಮೊದಲಿನದು. 1812ರಲ್ಲಿ ಛಾಪಖಾನೆಗೆ ಬೆಂಕಿ ಬಿದ್ದು ಅನೇಕ ವರುಷಗಳ ಬರಹಗಳು ಸುಟ್ಟುಹೋದವು. ಅವರು ಬಹಳವಾಗಿ ದುಃಖಿಸಿದರೂ ಕೈಬಿಡದೆ ತಿರಿಗಿ ಆರಂಭಿಸಿದರು. 1817ರಲ್ಲಿ ನಮ್ಮ ಕನ್ನಡದ ವ್ಯಾಕರಣವನ್ನೂ ಅಚ್ಚುಹಾಕಿಸಿದರು. ಹೊಲಕ್ಕೆ ಹೋಗುವ ಮೊದಲಿನ ಗಳಿಗೆಯನ್ನು ನಾವೂ ಕರ್ತನಿಗೆ ಕೊಡೋಣ. ಕಳಕೊಂಡದ್ದನ್ನು ತಿರಿಗಿ ಆರಂಭಿಸುವ ಬಲವು ಅಲ್ಲಿಯೇ ದೊರೆಯುವದು.