ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾಣದ ಬಂಡವಾಳ

ಬೆಳಗಾವಿಗೆ ಹೋದಾಗಲೆಲ್ಲ ಕಿರ್ಲೋಸ್ಕರ್ ರಸ್ತೆಯಲ್ಲಿ ಒಂದು ಸುತ್ತು ನಡೆದು ಬರುವುದು ನನ್ನ ರೂಢಿ. ದೇಶದ ಹೆಸರಾಂತ ಉದ್ಯಮ ಸಮೂಹವೊಂದು ಈ ಬೀದಿಯಲ್ಲಿ ಸಣ್ಣ ಬೈಸಿಕಲ್ ಅಂಗಡಿಯಾಗಿ ಹುಟ್ಟಿತೆಂಬುದು ಇಲ್ಲಿ ಓಡಾಡುವ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. ಸರ್ಕಾರಿ ಸೇವೆಯ ಕೆಲವು ವರ್ಷಗಳನ್ನು ಸಣ್ಣ ಕೈಗಾರಿಕೆಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ಕಳೆದ ನನಗೆ ಮಾತ್ರ ಆ ಅಂಗಡಿ ಒಂದು ಪ್ರಶ್ನೆಯಾಗಿ ಉಳಿದಿದೆ. ಆಸ್ತಿಯಿಲ್ಲದ, ಜಾಮೀನಿಲ್ಲದ ಒಬ್ಬ ಮಾಜಿ ಶಿಕ್ಷಕನನ್ನು ಒಂದು ಸಂಸ್ಥಾನದ ಅರಸ ನಂಬಿದ್ದು ಹೇಗೆ? ನನ್ನ ಮೇಜಿನ ಮೇಲೆ ಆ ಅರ್ಜಿ ಬಂದಿದ್ದರೆ ನಾನು ಏನು ಬರೆಯುತ್ತಿದ್ದೆ?

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ನೆಲ ಕನ್ನಡದ್ದು. ಪಠ್ಯಪುಸ್ತಕಗಳಿಗಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಆಸಕ್ತಿಯಿದ್ದ ಹುಡುಗ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷ ಅಲ್ಲಿ ಬೆಳಕಿಗೆ ಬಂದು, ಚಿತ್ರಕಾರನಾಗುವ ಕನಸು ಮುರಿಯಿತು. ಬಣ್ಣ ಬೇಡದ ಯಂತ್ರ ರೇಖಾಚಿತ್ರದ ಕಡೆಗೆ ಅವರು ಹೊರಳಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಸಹಾಯಕ ಶಿಕ್ಷಕರಾದರು.

ಅಲ್ಲಿ ಕಲಿಸುತ್ತಲೇ ಅವರು ಕಲಿತರು. ಪಾಠ ಮುಗಿದ ಮೇಲೆ ಸಂಸ್ಥೆಯ ಕಾರ್ಯಾಗಾರವೇ ಅವರ ಶಾಲೆ. ಎಂಜಿನಿಯರಿಂಗ್ ಪದವಿ ಅವರಿಗೆ ಎಂದೂ ದೊರೆಯಲಿಲ್ಲ. ಆದರೆ ಯಂತ್ರಗಳ ಒಡನಾಟ ಬಿಡಿಗಾಸಿನ ಖರ್ಚಿಲ್ಲದೆ ದೊರೆಯಿತು. ಮುಂದೆ ಅಮೆರಿಕದ ತಾಂತ್ರಿಕ ನಿಯತಕಾಲಿಕೆಗಳು ಈ ಗುರುಸ್ಥಾನವನ್ನು ತುಂಬಿದವು. ಸಾವಿರಾರು ಮೈಲಿ ದೂರದ, ಎಂದೂ ಕಾಣದ ಎಂಜಿನಿಯರರಿಂದ ಅಂಚೆಯ ಮೂಲಕ ಪಾಠ ಹೇಳಿಸಿಕೊಂಡ ಶಿಷ್ಯ ಅವರು.

ಈ ನಡುವೆ, 1888ರಲ್ಲಿ, ಬೆಳಗಾವಿಯ ಬೈಸಿಕಲ್ ವ್ಯಾಪಾರ ಆರಂಭವಾಗಿತ್ತು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುವುದು, ಅಣ್ಣ ರಾಮಚಂದ್ರರಾವ್, ಅಂದರೆ ಎಲ್ಲರ ರಾಮುಅಣ್ಣ, ಊರಿನಲ್ಲಿ ಮಾರುವುದು ಎಂಬುದು ಒಪ್ಪಂದ. ಮಾರಾಟದ ಜೊತೆಗೆ ಸವಾರಿ ಕಲಿಸುವ ಕೆಲಸವೂ ಇತ್ತು. ಅದಕ್ಕೆ 15 ರೂಪಾಯಿ ಶುಲ್ಕ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಆ ಹದಿನೈದು ರೂಪಾಯಿಗಿಂತ ಮುಖ್ಯವಾಗಿ ಕಾಣುವುದು ಕಲಿಕೆಯ ದಿನಗಳು. ಬೈಸಿಕಲ್ ಆಗ ಉಳ್ಳವರ ವಾಹನ. ಅಂಥ ಗ್ರಾಹಕನನ್ನು ಬೀಳದಂತೆ ಹಿಡಿದು, ಬೆನ್ನ ಹಿಂದೆ ಓಡಿದವನು ಬರಿಯ ಅಂಗಡಿಯವನಾಗಿ ಉಳಿಯುವುದಿಲ್ಲ. ಪರಿಚಯಕ್ಕಾಗಿ ಹಣ ತೆರುವ ಬದಲು, ಹಣ ಪಡೆದೇ ಪರಿಚಯ ಗಳಿಸುವ ದಾರಿ ಅದು.

ಮುಂಬಯಿಯಲ್ಲಿ ಲಕ್ಷ್ಮಣರಾಯರಿಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾಯಿತು. ಅವರು ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು. ಸೈಕಲ್ ಅಂಗಡಿಯ ಬದಿಯಲ್ಲೇ ಮೇವು ಕತ್ತರಿಸುವ ಯಂತ್ರಗಳ ತಯಾರಿಕೆ ಆರಂಭವಾಯಿತು, ಅನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆ ಆಗ ರೈತರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ವಾದದಿಂದ ಕರಗುವ ಅನುಮಾನ ಅದಾಗಿರಲಿಲ್ಲ. ಉತ್ತ ಹೊಲದಲ್ಲಿ ಪೈರು ಚೆನ್ನಾಗಿ ಬಂದದ್ದನ್ನು ನೆರೆಯವನು ಕಾಣಬೇಕಿತ್ತು. ಒಬ್ಬ ರೈತನ ವಿಶ್ವಾಸ ಮತ್ತೊಬ್ಬನಿಗೆ ಸಾಕ್ಷಿಯಾಗುವವರೆಗೆ ಕಾಯಲು ಅವರು ಸಿದ್ಧರಿದ್ದರು.

ವ್ಯಾಪಾರ ಕುದುರುವ ಹೊತ್ತಿಗೆ ಬೆಳಗಾವಿ ಪುರಸಭೆಯಿಂದ ಜಾಗ ತೆರವು ಮಾಡಬೇಕೆಂಬ ಆಜ್ಞೆ ಬಂತು. ಹೊಸ ಬಡಾವಣೆಗೆ ಆ ನೆಲ ಬೇಕಿತ್ತು. ಬೇರೆಡೆ ಜಾಗ ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಆಗ ಅವರು ಔಂಧ್ ಸಂಸ್ಥಾನದಲ್ಲಿ ಸಭಾಮಂಟಪವೊಂದನ್ನು ಕಟ್ಟುವ ಗುತ್ತಿಗೆ ಹಿಡಿದಿದ್ದರು. ಅಲ್ಲಿನ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಸ್ವತಃ ಚಿತ್ರಕಾರರು. 1909ರಲ್ಲಿ ಗಾದಿಗೆ ಬಂದ ಅವರೇ ಮುಂದೆ ಗಾಂಧೀಜಿಯವರ ಸಲಹೆಯಂತೆ ತಮ್ಮ ಪ್ರಜೆಗಳಿಗೆ ಸ್ವಯಮಾಡಳಿತ ನೀಡಿ ಹೆಸರಾದರು. ಲಕ್ಷ್ಮಣರಾಯರ ಸಂಕಟವನ್ನು ತಿಳಿದ ಅವರು, ಪುಣೆ-ಮಿರಜ್ ರೈಲುಮಾರ್ಗದ ಕುಂಡಲ್ ರೋಡ್ ಎಂಬ ಸಣ್ಣ ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ನೀಡಿದರು.

ಇದು ಅರಸನೊಬ್ಬನ ಔದಾರ್ಯವೆಂದು ಹೇಳಿ ಮುಗಿಸಬಹುದು. ನಾನು ಹಾಗೆ ಓದಲಾರೆ. ಸಾಲ ಕೊಡುವವನಿಗೆ ಕಾಡುವ ಮೊದಲ ತೊಡಕು ಎಂದರೆ, ಎದುರಿಗಿರುವವನ ಯೋಗ್ಯತೆ ಸಾಲಗಾರನಿಗೆ ಮಾತ್ರ ಗೊತ್ತು, ತನಗೆ ಗೊತ್ತಿಲ್ಲ ಎಂಬುದು. ಜಾಮೀನು, ಅಡಮಾನ, ಮುಚ್ಚಳಿಕೆ ಎಲ್ಲವೂ ಈ ಅಜ್ಞಾನಕ್ಕೆ ನಾವು ಕಟ್ಟಿದ ಬೇಲಿಗಳು. ಔಂಧಿನಲ್ಲಿ ಆ ಬೇಲಿ ಬೇಕಾಗಲಿಲ್ಲ. ಏಕೆಂದರೆ ಲಕ್ಷ್ಮಣರಾಯರ ಕೆಲಸ ಅರಸರ ಕಣ್ಣೆದುರಿನಲ್ಲೇ ನಡೆದಿತ್ತು. ನೆರವು ಕೇಳುವ ಮುನ್ನವೇ ಅವರು ತಮ್ಮ ಯೋಗ್ಯತೆಯ ಲೆಕ್ಕ ಒಪ್ಪಿಸಿಯಾಗಿತ್ತು.

1910ರ ಮಾರ್ಚ್‌ನಲ್ಲಿ ಕಿರ್ಲೋಸ್ಕರವಾಡಿಗೆ ಅಡಿಪಾಯ ಬಿತ್ತು. ಪಾಪಾಸುಕಳ್ಳಿ ಬೆಳೆದು ನಾಗರಹಾವು ತುಂಬಿದ್ದ ಆ ನೆಲಕ್ಕೆ ಅವರೊಡನೆ ಬಂದವರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳು. ಪಾಲುದಾರರನ್ನು ಆರಿಸುವಲ್ಲಿ ಅವರು ತಮಗೆ ದೊರೆತ ನ್ಯಾಯವನ್ನೇ ಇತರರಿಗೂ ಅನ್ವಯಿಸಿದರು. ಶಂಭೋರಾವ್ ಜಾಂಭೇಕರ್ ಪದವಿಯಿಲ್ಲದ ಎಂಜಿನಿಯರ್. ಅನಂತರಾವ್ ಫಳ್ನೀಕರ್ ಓದು ಅರ್ಧಕ್ಕೆ ಬಿಟ್ಟವರು. ಮಂಗೇಶರಾವ್ ರೇಗೆ ಗುಮಾಸ್ತರಾಗಿ, ಲೆಕ್ಕಿಗರಾಗಿ, ಕೊನೆಗೆ ಆಡಳಿತದ ಹೊಣೆ ಹೊತ್ತವರು. ಇನ್ನೂ ಅಚ್ಚರಿಯೆಂದರೆ, ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಎಂಬ ಇಬ್ಬರು, ದರೋಡೆಗಾಗಿ ಶಿಕ್ಷೆ ಅನುಭವಿಸಿದವರು, ಅಲ್ಲಿ ಕಾವಲುಗಾರರಾದರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ನಿಷೇಧವಿತ್ತು. ಬೇರೆಯವರ ಕಡತದಲ್ಲಿ ತಿರಸ್ಕೃತರಾಗಬಹುದಾಗಿದ್ದವರೇ ಇವರೆಲ್ಲ. ದುಬಾರಿ ಸಂಬಳ ತೆರಲಾಗದ ಉದ್ಯಮಿಗೆ ಈ ವಿಶ್ವಾಸವೇ ನೇಮಕಾತಿ ನೀತಿಯಾಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಆಮದು ಕುಸಿದಾಗ ಗಳಿಸಿದ ನಂಟು ಮತ್ತೆ ಕೈಹಿಡಿಯಿತು. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಕೋಟೆಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಫಿರಂಗಿಗಳನ್ನು ನೀಡಿದರು. ಅವು ಕರಗಿ ನೇಗಿಲುಗಳಾದವು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಬಂಧು ಶಂಕರರಾವ್ ಕಿರ್ಲೋಸ್ಕರರು ಸಂಸ್ಥೆಯ ಸಮಾಚಾರ ಹಂಚಲು ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆ ಆರಂಭಿಸಿದರು. ಕಾಗದ, ಮಸಿಯ ಖರ್ಚಿನಲ್ಲಿ ಗ್ರಾಹಕರೊಡನೆ ಬೆಸೆದ ಆ ನಂಟು ಬೆಳೆದು, ಅದು ಮರಾಠಿಯ ಪ್ರಮುಖ ಮಾಸಪತ್ರಿಕೆಗಳಲ್ಲೊಂದಾಯಿತು. ಅಮೆರಿಕದಲ್ಲಿ ಓದಿ ಬಂದ ಮಗ ಶಂತನುರಾವ್ ಮತ್ತು ಮುಂದಿನ ಪೀಳಿಗೆಯವರು ಉದ್ಯಮವನ್ನು ಕನ್ನಡ ನಾಡಿಗೂ ಮರಳಿ ತಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾದವು. ಹರಿಹರದ ಕಾರ್ಖಾನೆ ಇಂದಿಲ್ಲ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು.

ಈ ಕಥೆಯನ್ನು ಹಾಗೆಯೇ ಇಂದಿಗೆ ಅನ್ವಯಿಸುವುದು ಅಪ್ರಾಮಾಣಿಕವಾದೀತು. ಲಕ್ಷ್ಮಣರಾಯರಿಗೆ ಅಕ್ಷರಬಲ್ಲ ಬ್ರಾಹ್ಮಣ ಕುಟುಂಬದ ಆಸರೆಯಿತ್ತು. ಹೆಗಲು ಕೊಡುವ ಅಣ್ಣನಿದ್ದ. ಅರಸರ ಮುಂದೆ ಕುಳಿತು ಮಾತನಾಡುವ ಅವಕಾಶ ಅಂದು ಎಲ್ಲ ಜಾತಿಯ ಕುಶಲಕರ್ಮಿಗಳಿಗೂ ಸಿಗುತ್ತಿರಲಿಲ್ಲ. ಮನ ಬಂದವರಿಗೆ ಭೂಮಿ, ಹಣ ಕೊಡುವ ಅಧಿಕಾರ ಪ್ರಜಾಸತ್ತೆಯಲ್ಲಿ ಯಾರಿಗೂ ಇರಕೂಡದು. ನಿಯಮಗಳು ಹುಟ್ಟಿದ್ದೇ ಪರಿಚಯದ ಬಲವಿಲ್ಲದವರ ರಕ್ಷಣೆಗೆ. ಆದರೆ ಆ ನಿಯಮಗಳೇ ಅವರಿಗೆ ಅಡ್ಡವಾದುದನ್ನೂ ನಾನು ಕಂಡಿದ್ದೇನೆ.

ಸುಮಾರು 35 ವರ್ಷಗಳ ಹಿಂದಿನ ಮಾತು. ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ಕೃಷಿಕೂಲಿಯ ಮಗನೊಬ್ಬ ಸ್ವಂತ ಲೇತ್ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದ. ವರ್ಷಗಟ್ಟಲೆ ಪಂಪ್‌ಸೆಟ್ ರಿಪೇರಿ ಮಾಡಿ ಕೈ ಪಳಗಿಸಿಕೊಂಡವನು. ಇಬ್ಬರು ಆಸ್ತಿವಂತ ಜಾಮೀನುದಾರರನ್ನು ತರಲು ಅವನಿಂದಾಗಲಿಲ್ಲ. ಅರ್ಜಿಯನ್ನು ಹಿಂದಿರುಗಿಸುವ ಟಿಪ್ಪಣಿಗೆ ಸಹಿ ಹಾಕಿದವನು ನಾನೇ. ಅವನ ಕೆಲಸವನ್ನು ಬಲ್ಲ ಹತ್ತಾರು ರೈತರು ಸುತ್ತಲಿನ ಹಳ್ಳಿಗಳಲ್ಲಿದ್ದರು. ನಮೂನೆಯಲ್ಲಿ ಅವರ ಮಾತಿಗೆ ಅಂಕಣವಿರಲಿಲ್ಲ. ಅವನಿದ್ದ ಊರು ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಹೋಗಿ ನೋಡಿದ್ದರೆ ನಿಯಮ ಮುರಿಯದೆಯೇ ಜಾಮೀನಿಗೆ ಬೇರೆ ದಾರಿ ಹುಡುಕಬಹುದಿತ್ತೇನೋ. ಬ್ಯಾಂಕಿನವರಿಗೆ ಒಂದು ಪತ್ರವನ್ನಾದರೂ ಬರೆಯಬಹುದಿತ್ತು. ನಾನು ಹೋಗಲಿಲ್ಲ. ಅವನು ಮತ್ತೆ ಕಚೇರಿಯ ಕಡೆ ಬರಲಿಲ್ಲ.

ಇಂದು ನವೋದ್ಯಮಗಳ ಸಮಾವೇಶಗಳಲ್ಲಿ ಪ್ರವೇಶ ಶುಲ್ಕ ತೆತ್ತು, ಊಟದ ಬಿಡುವಿನಲ್ಲಿ ಭೇಟಿ ಚೀಟಿ ಹಂಚಿಕೊಳ್ಳುವ ತರುಣರನ್ನು ಕಾಣುತ್ತೇನೆ. ಅದರಲ್ಲಿ ತಪ್ಪಿಲ್ಲ. ಆದರೆ ಹತ್ತಿರದ ಕಾರ್ಯಾಗಾರದಲ್ಲಿ ದುಡಿದು ಕಲಿಯುವುದು, ಸಣ್ಣ ಗುತ್ತಿಗೆಯನ್ನು ದೊಡ್ಡದರಂತೆ ನಿರ್ವಹಿಸುವುದು, ಮೊದಲ ಗ್ರಾಹಕನಿಗೆ ಕಲಿಸಿಕೊಡುವುದು ಇವಕ್ಕೆ ಶುಲ್ಕವಿಲ್ಲ, ಮಾರ್ಗದರ್ಶಕರು ಹುಡುಕುವುದೂ ಇಂಥವರನ್ನೇ. ಇನ್ನು ಕೆಲಸ ಬಲ್ಲ, ಆದರೆ ಯಾರ ಕಣ್ಣಿಗೂ ಬೀಳದ ತರುಣರ ಬಳಿಗೆ ನಾವೇ ಹೋಗಬೇಕು. ಸಾಲದ ಅರ್ಜಿಯನ್ನು ತಿರಸ್ಕರಿಸುವ ಮುನ್ನ ಒಮ್ಮೆ ಸ್ಥಳಕ್ಕೆ ಹೋಗಿ ಕೆಲಸ ನೋಡುವುದು, ಅವರ ಗ್ರಾಹಕರ ಹೇಳಿಕೆ ದಾಖಲಿಸುವುದು ಕಡ್ಡಾಯವಾಗಲಿ. ಅಧಿಕಾರಿಗಳಿಗೆ ಸಮಯ ಸಾಲದಿದ್ದರೆ, ನಿವೃತ್ತ ಎಂಜಿನಿಯರರನ್ನೂ ಬ್ಯಾಂಕ್ ನೌಕರರನ್ನೂ ನನ್ನಂಥವರನ್ನೂ ಕರೆಯಲಿ. ನಮಗೆ ಬಿಡುವಿದೆ, ಬಸ್ಸಿನ ಚೀಟಿಗೆ ಪಿಂಚಣಿಯೂ ಸಾಕು.